ಮಾವ ಕಟ್ಟುವ ಹಗ್ಗದ ಮನೆಗಳು

ನಮ್ಮ ಸೋದರಮಾವ ಕಟ್ಟಿದಷ್ಟು ಮನೆಗಳನ್ನು ತುರುವೇಕೆರೆ ತಾಲ್ಲೂಕಿನಲ್ಲಿ ಯಾವ ಕಂಟ್ರಾಕ್ಟರೂ ಕಟ್ಟಿಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಒಂದು ಸಣ್ಣ ಕೊರತೆ ಎಂದರೆ, ಅವುಗಳಲ್ಲಿ ಒಂದಕ್ಕೂ ಗೋಡೆಯಿಲ್ಲ. ಸೂರೂ ಇಲ್ಲ. ಬೆಳಗ್ಗೆ ಒಕ್ಕಲು ಬಂದರೆ ಸಂಜೆ ಹಾಲು ಕರೆಯುವ ಹೊತ್ತಿಗೆ ಮಾವ ಆ ಮನೆಯನ್ನು ಸುತ್ತಿ, ಹೆಗಲಿಗೆ ಹಾಕಿಕೊಂಡು ಹೊರಟಿರುತ್ತಾರೆ.

ಮಾವನ ಮನೆಗಳು ಹಗ್ಗದವು. ತೆಂಗಿನ ನಾರಿನಿಂದ ತಾವೇ ಹೊಸೆದ ಹಗ್ಗ, ಅಡಿಗೊಂದು ಗಂಟು. ಊರಲ್ಲಿ ಯಾರಿಗಾದರೂ ಸರ್ಕಾರದ ಮನೆ ಮಂಜೂರಾಯಿತೆಂದರೆ, ಪಾಯ ತೋಡುವ ಮೊದಲು ಮಾವ ಆ ಜಾಗದಲ್ಲಿ ಗೂಟ ಹೊಡೆದು ಹಗ್ಗ ಎಳೆಯುತ್ತಾರೆ. ಇದು ನಡುಮನೆ, ಇದು ಅಡುಗೆಮನೆ, ಇದು ಬಚ್ಚಲು. ಆಮೇಲೆ ಮನೆಮಂದಿಯೆಲ್ಲ ಒಂದು ಹಗಲು ಆ ಹಗ್ಗದೊಳಗೇ ಸಂಸಾರ ಮಾಡಬೇಕು. ಅಲ್ಲೇ ಅಡುಗೆ, ಅಲ್ಲೇ ಊಟ, ಅಲ್ಲೇ ಮಧ್ಯಾಹ್ನದ ನಿದ್ದೆ. ಜಗಳ ಬಂದರೆ ಅದೂ ಅಲ್ಲೇ. ಜನ ಇದಕ್ಕೆ ಯಾಕೆ ಒಪ್ಪುತ್ತಾರೆ ಎಂದು ನೀವು ಕೇಳಬಹುದು. ಮಾವನ ಬಾಯಿಗೆ ಹೆದರಿ ಎನ್ನುವವರಿದ್ದಾರೆ. ಅವತ್ತು ಎಷ್ಟು ಕುಡಿದರೂ ಎಳನೀರು ಮಾವನ ತೋಟದ್ದು ಎನ್ನುವುದೂ ಒಂದು ಕಾರಣವಿರಬೇಕು.

ಇಷ್ಟಕ್ಕೂ ಮಾವನಿಗೆ ಪಂಚಾಯ್ತಿಯಲ್ಲಿ ಯಾವ ಹುದ್ದೆಯೂ ಇಲ್ಲ. ಹುದ್ದೆ ಇರುವವಳು ನಾನು. ಅಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಇದನ್ನು ಯಾರೂ ಕೇಳದಿದ್ದರೂ ಹೇಳುತ್ತೇನೆ, ಯಾಕೆಂದರೆ ಅದು ಸುಮ್ಮನೆ ಬಂದದ್ದಲ್ಲ. ಮೂರು ವರ್ಷ ಮಾವನ ಮನೆಯಲ್ಲಿದ್ದು, ನಡುಮನೆಯ ತುಂಬ ಅವರ ನಾರು, ಹಗ್ಗ ಹರಡಿರುತ್ತಿದ್ದುದರಿಂದ ಅಡುಗೆಮನೆಯಲ್ಲಿ ಅತ್ತೆಯ ಒಲೆ ಪಕ್ಕ ಕೂತು ಓದಿ, ಮೊದಲ ಬಸ್ಸಿಗೆ ಓಡಿ ಕಾಲೇಜು ಮುಗಿಸಿದವಳು. ಆ ಒಲೆಗೆ ಉರಿ ಎಂದರೆ ತೆಂಗಿನ ಮಟ್ಟೆ. ಪಡುವಣ ಗಾಳಿ ಬೀಸಿತೆಂದರೆ ಹೊಗೆ ಕಿಟಕಿಯಿಂದ ಆಚೆ ಹೋಗುವ ಬದಲು ಮನೆಯೊಳಕ್ಕೇ ಮಗುಚುತ್ತಿತ್ತು. ಅತ್ತೆ ಕೆಮ್ಮುತ್ತ ಮುದ್ದೆ ತಿರುವುತ್ತಿದ್ದರು, ನಾನು ಕಣ್ಣೊರೆಸಿಕೊಳ್ಳುತ್ತ ಅರ್ಥಶಾಸ್ತ್ರ ಓದುತ್ತಿದ್ದೆ. ಕ್ಲಾಸಿನಲ್ಲಿ ನಾನು ಪುಸ್ತಕ ತೆರೆದರೆ ಸಾಕು, ಪಕ್ಕದವಳು ಮೂಗು ಹಿಡಿದುಕೊಂಡು, "ಏನೇ, ಇವತ್ತೂ ಮುದ್ದೆನಾ?" ಅನ್ನುತ್ತಿದ್ದಳು.

ಈಗ ನನ್ನ ಕೆಲಸ ಮನೆಗಳ ಫೋಟೋ ತೆಗೆಯುವುದು. ಖಾಲಿ ಜಾಗದ್ದೊಂದು, ಪಾಯದ್ದೊಂದು, ಲಿಂಟಲ್ ಮಟ್ಟದ್ದೊಂದು, ಸೂರಿನದೊಂದು. ಪ್ರತಿ ಫೋಟೋದಲ್ಲೂ ಮನೆ ಯಾರದೋ ಅವರು ನಿಂತಿರಬೇಕು. ಜಾಗ ಯಾವುದೆಂದು ಫೋನೇ ಗುರುತು ಹಿಡಿದುಕೊಳ್ಳುತ್ತದೆ. ಗಡುವಿನೊಳಗೆ ಪಾಯದ ಫೋಟೋ ಏರದಿದ್ದರೆ ಆ ಮನೆ ಬ್ಲಾಕ್. ಮತ್ತೆ ಪಟ್ಟಿಯಲ್ಲಿ ಹೆಸರು ಬರುವುದು ಯಾವ ಕಾಲಕ್ಕೋ ಯಾರಿಗೂ ಗೊತ್ತಿಲ್ಲ.

ಮಾವನ ಹಗ್ಗದ ಮನೆಯನ್ನು ನಾನು ಮೊದಲು ಕಂಡದ್ದು ಹೀಗೊಂದು ಖಾಲಿ ಜಾಗದ ಫೋಟೋ ತೆಗೆಯಲು ಹೋದಾಗ. ಬಟಾಬಯಲಿನಲ್ಲಿ ಐದು ಜನ ಒತ್ತೊತ್ತಾಗಿ ಕೂತು ಬಸ್ಸಾರು ಸುರಿದುಕೊಂಡು ಉಣ್ಣುತ್ತಿದ್ದಾರೆ. ಸುತ್ತ ಇಷ್ಟು ಬಯಲಿರುವಾಗ ಯಾಕಪ್ಪ ಹೀಗೆ ಮುದುರಿಕೊಂಡಿದ್ದಾರೆ ಎಂದುಕೊಂಡು ನೇರ ಅವರ ಬಳಿಗೆ ನಡೆದೆ.

"ಏ, ನಿಲ್ಲವ್ವ ಅಲ್ಲೇ," ಅಂತ ಮಾವನ ದನಿ. "ಗೋಡೆ ತೂರ್ಕಂಡು ಬತ್ತಾ ಇದೀಯಲ್ಲ, ಮನುಷ್ಯಳೋ ದೆವ್ವವೋ?"

ಕಾಲ ಕೆಳಗೆ ನೋಡಿದರೆ ಹಗ್ಗ. "ಬಾಗಿಲು ಎಲ್ಲೈತೆ ಮಾವ?" ಎಂದೆ.

"ಕಣ್ಣಿಲ್ವಾ? ಮೂಡ್ಲಾಗೈತೆ. ಚಪ್ಪಲಿ ಆಚೆ ಬುಡು. ಬಾಗ್ಲು ಗಿಡ್ಡ, ತಲೆ ಬಗ್ಗಿಸು."

ಸುತ್ತಿಕೊಂಡು ಹೋದೆ. ಚಪ್ಪಲಿ ಬಿಟ್ಟೆ. ಹೇಳಲು ನಾಚಿಕೆಯಾಗುತ್ತದೆ, ತಲೆಯನ್ನೂ ಬಗ್ಗಿಸಿದೆ. ಒಳಗಿದ್ದ ಐದೂ ಜನ ಊಟ ನಿಲ್ಲಿಸಿ ನನ್ನನ್ನು ನೋಡಿದರು. ಪದವೀಧರೆಯೊಬ್ಬಳು ಇಲ್ಲದ ಬಾಗಿಲಿಗೆ ತಲೆ ತಗ್ಗಿಸಿ ಬರುವುದನ್ನು ಅವರು ಹಿಂದೆಂದೂ ಕಂಡಿರಲಾರರು.

ಆದರೆ ಅಲ್ಲಿ ಕೂತ ಮೇಲೆ ನನಗೂ ಕುತೂಹಲ ಹತ್ತಿತು. ಊಟವಾದ ಮೇಲೆ ಆ ಮನೆಯ ತಾತ ಟವಲು ಹಾಸಿ ಮಲಗಿದರೆ, ಅವರ ಕಾಲು ಹಗ್ಗದಾಚೆ ಹೋಯಿತು. "ನೋಡ್ರಪ್ಪ, ನಿಮ್ಮ ಯಜಮಾನ್ರ ಕಾಲು ಬೀದೀಲೈತೆ," ಎಂದು ಮಾವ ಕೋಣೆಯನ್ನು ಎರಡು ಗಂಟು ಉದ್ದ ಮಾಡಿದರು. ಗಂಡಹೆಂಡಿರಿಗೆ ಯಾತಕ್ಕೋ ಮಾತು ಬೆಳೆದು ಹೆಂಡತಿ ಮುಖ ತಿರುಗಿಸಿಕೊಂಡು ಎದ್ದರೆ, ಹೋಗಿ ಕೂರಲು ಮೂಲೆಯೇ ಇಲ್ಲ. ಮಾವ ತಲೆ ಕೆರೆದುಕೊಂಡರು. "ಮುನಿಸ್ಕಂಡೋರಿಗೆ ಒಂದು ಜಾಗ ಇಲ್ದಿದ್ರೆ ಅದ್ಯಾವ ಸೀಮೆ ಮನೆ?" ಎಂದು ಹಿತ್ತಲ ಕಡೆಗೆ ಒಂದು ಜಗಲಿ ಎಳೆದರು. ಆ ಮನೆ ಈಗ ಕಟ್ಟಿ ನಿಂತಿದೆ. ಆ ಜಗಲಿಯ ಮೇಲೆ ಹೆಚ್ಚಾಗಿ ಗಂಡನೇ ಕೂತಿರುತ್ತಾನೆ ಎಂದು ಕೇಳಿದ್ದೇನೆ.

ತಾಲ್ಲೂಕು ಕಚೇರಿಯಿಂದ ಬಂದ ಎಂಜಿನಿಯರ್ ಹುಡುಗನಿಗೂ ಇದೇ ಮರ್ಯಾದೆ. ಮಾವ ಅವನನ್ನು ಬಾಗಿಲಲ್ಲೇ ಕರೆದುಕೊಂಡು ಹೋಗಿ ಒಂದು ಕಲ್ಲಿನ ಮೇಲೆ ಕೂರಿಸಿ ಎಳನೀರು ಕೊಟ್ಟರು. ಅವನು ಅರ್ಧ ಕುಡಿದು, "ಯಜಮಾನ್ರೇ, ನಾನು ಕೂತಿರೋದು ಹಾಲಾ?" ಎಂದು ಕೇಳಿದ.

"ಅಲ್ಲ ಸ್ವಾಮಿ, ಬಚ್ಚಲು."

ಅವನು ತಟಕ್ಕನೆ ಎದ್ದ. ಎದ್ದು ನೋಡಿದರೆ ಎದುರಿಗೇ ರಸ್ತೆ, ರಸ್ತೆಯಲ್ಲಿ ನಿಂತು ತನ್ನನ್ನೇ ನೋಡುತ್ತಿರುವ ನಾಲ್ಕು ಜನ. "ಬಚ್ಚಲ ಬಾಗಿಲು ಬೀದಿಗೆ ಯಾಕ್ರೀ ಇಟ್ರಿ?"

"ನಾನೆಲ್ಲಿಟ್ಟೆ? ನೀವು ಕೊಟ್ಟ ಪಿಲಾನಲ್ಲಿ ಹಂಗೇ ಐತೆ."

ಪ್ಲಾನು ನಂದಲ್ಲ, ಮೇಲಿಂದ ಬಂದಿದ್ದು ಎಂದು ಗೊಣಗಿಕೊಂಡ ಹುಡುಗ, ಒಳ್ಳೆಯವನು, ಉಳಿದ ಎಳನೀರನ್ನು ನಡುಮನೆಗೆ ಹೋಗಿ ಕುಡಿದ. ಬಾಗಿಲನ್ನು ತಿರುಗಿಸಿಕೊಳ್ಳಲು ಒಪ್ಪಿಗೆಯನ್ನೂ ಕೊಟ್ಟ.

ಮಾವ ಎಡವಿದ್ದೇ ಇಲ್ಲವೆಂದಲ್ಲ. ನಾರಿನ ಹಗ್ಗ ನೆಂದರೆ ಬಿಗಿದುಕೊಳ್ಳುತ್ತದೆ, ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಒಂದು ಸಲ ಜಡಿಮಳೆಯಲ್ಲಿ ಹಗ್ಗವನ್ನು ಅಂಗಳದಲ್ಲೇ ಮರೆತು, ಮರುದಿನ ಅದನ್ನೇ ಒಯ್ದು ಶಿವಣ್ಣ ಎಂಬುವರ ಜಾಗದಲ್ಲಿ ಎಳೆದುಬಿಟ್ಟರು. ಪಾಯ ತೋಡಿಯೂ ಆಯಿತು. ನಾನು ಟೇಪು ಹಿಡಿದರೆ ಎಲ್ಲ ಕಡೆ ಮುಕ್ಕಾಲು ಅಡಿ ಕಮ್ಮಿ.

ಶಿವಣ್ಣ ನಿಧಾನವಾಗಿ ಬೀಡಿ ಹಚ್ಚಿ, "ಅಲ್ಲ ಯಜಮಾನ್ರೇ, ಸರ್ಕಾರಿ ಮನೆ ನೀರಿಗೆ ಹಾಕಿದ್ರೆ ಕುಗ್ತದೆ ಅಂತ ಯಾರೂ ಹೇಳ್ಲಿಲ್ವಲ್ಲ," ಎಂದರು. ಮಾವ ಪಂಚೆ ಎತ್ತಿ ಕಟ್ಟಿ, ಹಾರೆ ತೆಗೆದುಕೊಂಡು, ಸಂಜೆಯವರೆಗೆ ತಾವೇ ಪಾಯ ಅಗಲ ಮಾಡಿದರು. ಅವತ್ತಿನಿಂದ ದಿನಾ ಬೆಳಗ್ಗೆ ಹಗ್ಗವನ್ನು ಟೇಪಿನ ಪಕ್ಕ ಹಿಡಿದು ನೋಡುತ್ತಾರೆ. ನೈಲಾನ್ ಹಗ್ಗ ತಗೊಳ್ಳಬಾರದಾ ಎಂದು ಅತ್ತೆ ಕೇಳಿದ್ದಕ್ಕೆ ಮಾತ್ರ ಮೂರು ದಿನ ಮುಖ ಊದಿಸಿಕೊಂಡಿದ್ದರು. ನೈಲಾನ್ ಹಗ್ಗದೊಳಗೆ ಮಾನವಂತರು ಸಂಸಾರ ಮಾಡುತ್ತಾರೆಯೇ?

ತುಮಕೂರಿನಲ್ಲಿ ನಮಗೆ ಎರಡು ದಿನದ ತರಬೇತಿ ಇತ್ತು. ವಸತಿ ಯೋಜನೆಯನ್ನು ಊರಮಟ್ಟದಲ್ಲಿ ನಡೆಸುವುದು ಹೇಗೆ, ಅದಕ್ಕೆ ಬೇಕಾದ ಸಾಧನಗಳು ಯಾವುವು ಎಂದು. ದಪ್ಪ ಪುಸ್ತಕವನ್ನೂ ಕೊಟ್ಟರು. ಹೇಳಿಕೊಡುತ್ತಿದ್ದವರು ಪ್ರತಿಯೊಬ್ಬರನ್ನೂ ಎಬ್ಬಿಸಿ, ಮನೆ ಪಡೆಯುವವರ ಅಭಿಪ್ರಾಯ ತಿಳಿಯಲು ನಿಮ್ಮ ಪಂಚಾಯ್ತಿಯಲ್ಲಿ ಯಾವ ಸಾಧನ ಬಳಸುತ್ತೀರಿ ಎಂದು ಕೇಳಿದರು. ಒಬ್ಬರು ನಮೂನೆ ಅಂದರು, ಇನ್ನೊಬ್ಬರು ಸಲಹಾ ಪೆಟ್ಟಿಗೆ ಅಂದರು, ಮತ್ತೊಬ್ಬರು ವಾಟ್ಸಾಪ್ ಗುಂಪು ಅಂದರು. ನನ್ನ ಬಾಯಿಂದ ಬಂದದ್ದು, "ಹಗ್ಗ ಸಾರ್."

"ಕಟ್ಟಿ ಹಾಕಿ ಕೇಳ್ತೀರೇನಮ್ಮ?" ಎಂದರು ಅವರು. ಊಟದ ಹೊತ್ತಿನವರೆಗೂ ನಗು ನಿಲ್ಲಲಿಲ್ಲ.

ಊರಿಗೆ ಬಂದು ಹೇಳಿದೆ. ಮಾವ ನಗಲಿಲ್ಲ. "ಕಟ್ಟಿ ಹಾಕಿದ್ರೂ ಹೆಂಗಸ್ರು ಹೇಳಲ್ಲ ಕಣವ್ವ. ಕೂರಿಸ್ಬೇಕು. ಒಲೆ ಮುಂದೆ ಕೂತ್ರೆ ಹೇಳ್ತಾರೆ," ಎಂದು ಹಗ್ಗಕ್ಕೆ ಇನ್ನೊಂದು ಎಳೆ ಸೇರಿಸುತ್ತ ಕೂತರು.

ಆಮೇಲೆ ಬಂತು ಪುಟ್ಟತಾಯಮ್ಮನ ಮನೆ. ಪುಟ್ಟತಾಯಮ್ಮ ತೆಂಗಿನಕಾಯಿ ಸುಲಿಯುವ ಕೂಲಿಗೆ ಹೋಗುವವರು. ಗಂಡ ಇಲ್ಲ, ಶಾಲೆಗೆ ಹೋಗುವ ಒಬ್ಬಳು ಮಗಳು. ಯಾರದೋ ಕೊಬ್ಬರಿ ಅಟ್ಟದ ಕೆಳಗೆ, ಅವರು ಬಿಟ್ಟುಕೊಟ್ಟಷ್ಟು ಜಾಗದಲ್ಲಿ ವಾಸ. ಮೇಲೆ ಕಾಯಿ ಒಣಗಬೇಕು, ಕೆಳಗೆ ಇವರು ಬದುಕಬೇಕು. ಬಹಳ ವರ್ಷ ಕಾದ ಮೇಲೆ ಮನೆ ಮಂಜೂರಾಗಿತ್ತು. ಆದರೆ ಜಾಗದ ಹದ್ದುಬಸ್ತಿನಲ್ಲೇ ದಿನಗಳು ಕಳೆದು, ಶನಿವಾರ ಸಂಜೆಯೊಳಗೆ ಪಾಯದ ಫೋಟೋ ಏರಲೇಬೇಕು ಎನ್ನುವಲ್ಲಿಗೆ ಬಂದು ನಿಂತಿತು. ಗುರುವಾರ ಮಾವ ಹಗ್ಗ ಎಳೆದರು.

ಪ್ಲಾನಿನಂತೆ ಅಡುಗೆಮನೆ ಪಡುವಲ ಮೂಲೆಗೆ. ಪುಟ್ಟತಾಯಮ್ಮ ಮೂರು ಕಲ್ಲಿಟ್ಟು ಮಟ್ಟೆ ಹೊತ್ತಿಸಿದರು. ಗಾಳಿ ಹೊಗೆಯನ್ನೆಲ್ಲ ತಂದು ನಡುಮನೆಗೆ ಸುರಿಯಿತು. ಗೋಡೆಯಿಲ್ಲದ ಮನೆಯಲ್ಲೇ ಹೀಗಾದರೆ ಗೋಡೆ ಬಂದ ಮೇಲೆ ಗತಿ?

"ಒಲೆ ಎಲ್ಲಿರ್ಲಿ ತಾಯಿ?" ಎಂದು ಮಾವ ಕೇಳಿದರು.

"ಎಲ್ಲಾದ್ರೂ ಆಯ್ತದೆ ಬುಡಿ."

"ಕಿಟಕಿ?"

"ನೀವು ಎಲ್ಲಿ ಇಟ್ರೆ ಅಲ್ಲಿ."

ಸಂಜೆಯವರೆಗೂ ಅದೇ ಮಾತು. ಮಾವ ಹಗ್ಗ ಸುತ್ತಲಿಲ್ಲ. ಶುಕ್ರವಾರ ಬೆಳಗ್ಗೆ ಮೇಸ್ತ್ರಿ ಆಳುಗಳೊಂದಿಗೆ ಬಂದು ನಿಂತರೆ, ಮಾವ ಗೂಟದ ಪಕ್ಕ ಕಲ್ಲಿನಂತೆ ಕೂತಿದ್ದಾರೆ.

"ಯಜಮಾನ್ರೇ, ಭಾನುವಾರ ನಂಗೆ ದಬ್ಬೇಘಟ್ಟದಲ್ಲಿ ಸೂರಿಗೆ ಮೋಲ್ಡ್ ಹಾಕೋದೈತೆ. ತೋಡ್ಲಾ, ಹೋಗ್ಲಾ?" ಎಂದ ಮೇಸ್ತ್ರಿ.

ನನಗೆ ರೇಗಿಹೋಯಿತು. "ಮಾವ, ನಾಳೆ ಫೋಟೋ ಏರದಿದ್ರೆ ಮನೆನೇ ಹೋಯ್ತದೆ. ಆಮೇಲೆ ಅಡುಗೆಮನೆ ಎಲ್ಲಿಡ್ತೀಯ, ನಿನ್ನ ತಲೆ ಮೇಲಾ?"

"ಒಂದು ಗಳಿಗೆ ಕಣವ್ವ. ಆವಮ್ಮ ಇನ್ನೂ ಹೇಳಿಲ್ಲ."

"ಹೇಳಿದ್ರಲ್ಲ, ಎಲ್ಲಾದ್ರೂ ಆಯ್ತದೆ ಅಂತ."

"ಅದು ಹೇಳಿದ್ದಲ್ಲ," ಎಂದರು ಮಾವ. ಆಮೇಲೆ ದನಿ ತಗ್ಗಿಸಿ, "ನಮ್ಮನೆ ಕಟ್ಟೋವಾಗ ನಿಮ್ಮತ್ತೆನೂ ಹಂಗೇ ಅಂದಿದ್ಲು," ಎಂದು ಬಿಗಿಯಾಗಿಯೇ ಇದ್ದ ಗೂಟವನ್ನು ಮತ್ತೊಮ್ಮೆ ಬಿಗಿ ಮಾಡಿದರು.

ನಾನು ಫೋನನ್ನು ಚೀಲಕ್ಕೆ ಹಾಕಿ ಅವರ ಪಕ್ಕ ಕೂತೆ.

ಪುಟ್ಟತಾಯಮ್ಮ ಆಳುಗಳಿಗೆ ಟೀ ಕಾಯಿಸುತ್ತಿದ್ದರು. ಹೊಗೆ ಮತ್ತೆ ಮುಖಕ್ಕೆ ನುಗ್ಗಿತು. ಸೆರಗಿನಿಂದ ಕಣ್ಣೊರೆಸಿಕೊಂಡರು. ಏನನ್ನಿಸಿತೋ, ಟೀ ಕೆಳಗಿಳಿಸಿ, ಉರಿಗೆ ನೀರು ಚಿಮುಕಿಸಿ, ಸೆರಗು ಸುತ್ತಿ ಒಂದು ಕಲ್ಲು ಎತ್ತಿಕೊಂಡು ಎದ್ದರು. ನಡುಮನೆ ಹಾದು ಮೂಡಲ ಮೂಲೆಗೆ ಹೋಗಿ ಇಟ್ಟರು. ಮೂರು ಕಲ್ಲಿಗೆ ಮೂರು ಸಲ ಓಡಾಡಿದರು. ಒಂದು ಸಲವೂ ಹಗ್ಗ ದಾಟಲಿಲ್ಲ, ಮೂರು ಸಲವೂ ಬಾಗಿಲಲ್ಲೇ ಹೋದರು.

"ಇಲ್ಲಿರ್ಲಿ," ಎಂದರು. "ಕಿಟಕಿ ಇತ್ಲಾಗೆ ಬುಡಿ. ಮಗಳು ಸ್ಕೂಲಿಂದ ಬರೋದು ಕಾಣ್ಬೇಕು."

ಮಟ್ಟೆ ಹೊತ್ತಿಸಿದರು. ಹೊಗೆ ಸುಮ್ಮನೆ ಎದ್ದು ಹೊಲದ ಕಡೆ ಹೋಯಿತು.

ಬಾಯಿ ಬಿಟ್ಟದ್ದೇ ತಡ, ಆಮೇಲೆ ನಿಲ್ಲಲಿಲ್ಲ. ಬಚ್ಚಲು ಹಿಂದಕ್ಕೆ ಹೋಗಲಿ, ಗೂಡು ಇಲ್ಲಿರಲಿ, ಬಾಗಿಲು ಎರಡು ಗೇಣು ಈಚೆಗೆ ಬರಲಿ. ಕೊನೆಗೆ ಮೇಸ್ತ್ರಿಯ ಕಡೆ ಬೆರಳು ತೋರಿಸಿ, "ಅಟ್ಟ ಮಾತ್ರ ಬ್ಯಾಡ ಕಣಪ್ಪ. ನನ್ ತಲೆ ಮೇಲೆ ಇನ್ಯಾರ ಕಾಯಿನೂ ಬ್ಯಾಡ."

"ಆಯ್ತವ್ವ, ಅಟ್ಟ ಇಲ್ಲ, ತೋಡ್ಲಾ?" ಎಂದ ಮೇಸ್ತ್ರಿ. ಮಾವ ಎದ್ದು ಪಂಚೆ ಕೊಡವಿಕೊಂಡರು.

ಅವತ್ತು ಮಾವನೂ ಅಗೆದರು, ಶಿವಣ್ಣನೂ ಬಂದು ಅಗೆದರು, ಮರುದಿನ ಶಾಲೆ ಮುಗಿಸಿ ಬಂದ ಮಗಳು ಕಲ್ಲು ಹೊತ್ತಳು. ಶನಿವಾರ ಹೊತ್ತು ಇಳಿಯುವಾಗ ಪಾಯ ಮೇಲೆದ್ದಿತ್ತು. ನಾನು ಫೋನು ಹಿಡಿದು, "ಎಲ್ಲಾದ್ರೂ ನಿಂತ್ಕೊಳ್ಳಿ" ಎಂದೆ. ಪುಟ್ಟತಾಯಮ್ಮ ಎಲ್ಲಾದರೂ ನಿಲ್ಲಲಿಲ್ಲ. ನೇರ ಹೋಗಿ ಮೂಡಲ ಮೂಲೆಯಲ್ಲಿ ನಿಂತರು. ಫೋನಿನಲ್ಲಿ ಚಕ್ರ ಸುತ್ತಿತು, ಸುತ್ತಿತು, ಕೊನೆಗೆ ಫೋಟೋ ಏರಿತು.

ಭಾನುವಾರ ಮಾವನ ಮನೆಗೆ ಹೋದೆ. ನಡುಮನೆಯಲ್ಲಿ ಯಾರೂ ಇಲ್ಲ. ಹಿತ್ತಲಿಗೆ ಬಂದರೆ, ಮನೆಯ ಮೂಡಲ ಗೋಡೆಗೆ ಆತುಕೊಂಡಂತೆ ನಾಲ್ಕು ಗೂಟ, ಸುತ್ತ ಹಗ್ಗ. ಒಳಗೆ ಮೂರು ಕಲ್ಲು, ಕಲ್ಲಿನ ಮುಂದೆ ಅತ್ತೆ, ಮೊರದಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದಾರೆ. ಮಾವ ಹಗ್ಗದ ಹೊರಗೆ, ಬಾಗಿಲಿರಬೇಕಾದ ಕಡೆ ನಿಂತಿದ್ದಾರೆ. ಚಪ್ಪಲಿ ಬಿಟ್ಟಿದ್ದಾರೆ.

ಅತ್ತೆ ನನ್ನನ್ನು ಕಂಡು, "ನೋಡೇ ನಿಮ್ಮಾವನ ಆಟವ. ಮನೆ ಕಟ್ಟುವಾಗ ಒಂದು ಸಲ ಕೇಳಿ ಕೈ ತೊಳ್ಕಂಡೋರು. ಈ ಮನೆಗೆ ಒಕ್ಕಲು ಬಂದಾಗಿಂದ ಕೆಮ್ಮಿದ್ದಾಯ್ತು, ಈಗ ಮತ್ತೆ ಕೇಳ್ತಾವ್ರೆ ಕಿಟಕಿ ಎಲ್ಲಿ ಬೇಕು ಅಂತ," ಎಂದರು.

"ನೀನೇನಂದೆ ಅತ್ತೆ?"

"ಎಲ್ಲಾದ್ರೂ ಆಯ್ತದೆ ಅಂದೆ. ಒಪ್ತಾ ಇಲ್ಲ. ಬೆಳಗ್ಗೆಯಿಂದ ಹಂಗೇ ನಿಂತವ್ರೆ."

ಮಾವ ನನ್ನ ಕಡೆ ನೋಡಲಿಲ್ಲ. "ಒಳಕ್ಕೆ ಬರ್ಲಾ?" ಎಂದು ಅತ್ತೆಯನ್ನು ಕೇಳಿದರು. ಮಾವ ಆ ದನಿಯಲ್ಲಿ ಯಾರನ್ನೂ ಏನನ್ನೂ ಕೇಳಿದ್ದನ್ನು ನಾನು ಕಂಡಿರಲಿಲ್ಲ.

ಅತ್ತೆ ಒಂದು ಕಾಯಿ ಬಿಡಿಸಿದರು, ಇನ್ನೊಂದು ಬಿಡಿಸಿದರು. ಮೊರದಿಂದ ತಲೆ ಎತ್ತದೆ, ಮೊಣಕೈಯಿಂದ ತೋಟದ ಕಡೆ ತೋರಿಸಿದರು.

"ಮೊದ್ಲು ಕಿಟಕಿ ಅತ್ಲಾಗೆ ಇಡಿ. ಆಮೇಲೆ ಬನ್ನಿ."

ಮಾವ ಬಗ್ಗಿ ಹಗ್ಗದ ಆ ಬದಿಗೆ ಎರಡು ಕಡ್ಡಿ ನೆಟ್ಟು ಕಿಟಕಿ ಮಾಡಿದರು. ಬಗ್ಗಿದವರು ಏಳಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ಸುತ್ತಿಕೊಂಡು ಬಾಗಿಲ ಕಡೆಗೆ ಹೋಗಿ, ಅವರ ಚಪ್ಪಲಿಯ ಪಕ್ಕ ನನ್ನವನ್ನೂ ಬಿಟ್ಟು, ತಲೆ ಬಗ್ಗಿಸಿ ಒಳಗೆ ಹೋದೆ. ಅತ್ತೆ ಮೊರವನ್ನು ಜರುಗಿಸಿ ಒಲೆಯ ಪಕ್ಕ ನನಗೆ ಜಾಗ ಮಾಡಿಕೊಟ್ಟರು.