ಅಣ್ಣ ಸತ್ತ ಸೀನು

ನಮ್ಮಣ್ಣ ಸತ್ತಷ್ಟು ಚಂದವಾಗಿ ಆಳಂದ ತಾಲೂಕಿನಲ್ಲಿ ಇನ್ಯಾರೂ ಸತ್ತಿಲ್ಲ! ಗಾಬರಿಯಾಗಬೇಡಿ. ಮೊನ್ನೆ ತಾನೇ ಜೇವರ್ಗಿಯ ನನ್ನ ಮನೆಗೆ ಬಂದು, ರೊಟ್ಟಿಯ ಬುಟ್ಟಿ ಖಾಲಿ ಮಾಡಿ, "ಪುಂಡಿಪಲ್ಯ ಇನ್ನ ಅದ ಏನು?" ಅಂತ ಕೇಳಿ ಹೋಗಿದ್ದಾನೆ. ಅವನು ಸತ್ತದ್ದು ಸಿನಿಮಾದಲ್ಲಿ. ಹೊಟ್ಟೆ ಉರಿದದ್ದು ಮಾತ್ರ ನನಗೆ, ನಿಜವಾಗಿ.

ಉರಿಯದೆ ಏನಾದೀತು? ಕಾಲೇಜಿನ ನಾಟಕಗಳಲ್ಲಿ ಶಿಳ್ಳೆ ಹೊಡೆಸಿಕೊಂಡವನು ನಾನು. ನಮ್ಮೂರು ನಿಂಬರ್ಗಾದಲ್ಲಿ ಶೂಟಿಂಗ್ ಅಂತ ತಿಳಿದದ್ದೇ ತಡ, ನಾನು ಪಾಠ ಮಾಡುವ ಶಾಲೆಗೆ ರಜೆ ಹಾಕಿ, ಮೀಸೆಗೆ ಕಪ್ಪು ಬಳಿದುಕೊಂಡು ಓಡಿದೆ. ಒಂದು ಡೈಲಾಗೂ ಸಿಕ್ಕಿತು: "ಗೌಡ್ರು ಹೋಗಿಬಿಟ್ರು!" ಕನ್ನಡಿಯ ಮುಂದೆ ಅದನ್ನು ಎಷ್ಟು ಅತ್ತು ಹೇಳಿದೆನೆಂದರೆ, ಪಕ್ಕದ ಮನೆಯವರು ಸಮಾಧಾನ ಮಾಡಲು ಬಂದರು! ಅಣ್ಣನೋ, ತೊಗರಿ ಹೊಲದಿಂದ ಸುಮ್ಮನೆ ನೋಡಲು ಬಂದವನು. ನಿರ್ದೇಶಕರು ಅವನ ಮುಖ ಕಂಡವರೇ ಗೌಡನ ಹೆಣ ಮಾಡಿಬಿಟ್ಟರು.

'ಆಕ್ಷನ್' ಅಂದರು. ಮಲಗಿದ್ದ ಹೆಣ ಎದ್ದು, ಗೋಡೆಗೆ ಒರಗಿ, ಚಕ್ಕಳಮಕ್ಕಳ ಹಾಕಿ ಕೂತಿತು!

"ರೀ, ಸತ್ತವರು ಎದ್ದು ಕೂರ್ತಾರೇನ್ರೀ?" ಬೆಂಗಳೂರಿನ ನಿರ್ದೇಶಕರು ಕೂಗಿದರು.

ಅಣ್ಣ ಕಣ್ಣು ತೆರೆಯಲೇ ಇಲ್ಲ. "ನಿಮ್ಮ ಕಡಿ ಮಲಗ್ತಾವೇನ್ರಿ? ನಮ್ಮ ಕಡಿ ಹೆಣ ಕೂಡ್ತದ್ರಿ. ಮದ್ಲ ಇಭೂತಿ ಹಚ್ರಿ, ಮಾಲಿ ಹಾಕ್ರಿ."

ಲಿಂಗಾಯತರಾದ ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವುದು. ಪಾಪ, ಅವರಿಗೇನು ಗೊತ್ತು? ಗೊತ್ತಾದದ್ದೇ ಕ್ಯಾಮೆರಾ ಅಣ್ಣನ ಮುಂದೆ ಠಿಕಾಣಿ ಹೂಡಿತು. ನನ್ನ ಡೈಲಾಗು? ಹೆಣವೇ ಎಲ್ಲ ಹೇಳುತ್ತದೆ ಅಂತ ತೆಗೆದುಹಾಕಿದರು!

"ಮಾರಿ ಯಾಕ ಉಬ್ಬಿಸ್ಕೊಂಡಿ ತಮ್ಮಾ? ಮುಂದಿನ ಪಿಚ್ಚರ್‌ನಾಗ ನೀ ಸಾಯಿ, ನಾ ಅಳ್ತೇನಿ," ಅಂತ ಅವನ ಸಮಾಧಾನ ಬೇರೆ! ಊರೆಲ್ಲ ಅವನಿಗೆ ಹೀರೋ ಅನ್ನತೊಡಗಿತು. ನನಗೆ ಹೀರೋನ ತಮ್ಮ ಅಂದರು. ಇದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಸಿನಿಮಾ ಬಂತು. ಟಾಕೀಜಿನಲ್ಲಿ ಪಕ್ಕಪಕ್ಕ ಕೂತೆವು. ಹೆಣದ ರೆಪ್ಪೆ ಒಮ್ಮೆಯಾದರೂ ಅದುರಲಿ, ಊರಿಗೆಲ್ಲ ಸಾರಿ ಹೇಳುತ್ತೇನೆ ಅಂತ ಕಾದೆ. ಪರದೆ ತುಂಬ ಅಣ್ಣ. ಹಣೆಗೆ ವಿಭೂತಿ, ಕೊರಳಿಗೆ ಮಾಲೆ. ರೆಪ್ಪೆ ಅದುರಲಿಲ್ಲ. ಅದುರಲೇ ಇಲ್ಲ. ಅದುರಲಪ್ಪಾ ದೇವರೇ ಅಂತ ಬೇಡಿಕೊಂಡೆ. ಈಗ ಊರಿಗೆ ಹೇಳಲಿಕ್ಕಲ್ಲ. ಕತ್ತಲಲ್ಲಿ ತಡವಿ ಅವನ ಕೈ ಹಿಡಿದೆ. ಬೆಚ್ಚಗಿತ್ತು.

"ಯಾಕಲೇ?" ಅಂದ.

"ಅಣ್ಣಾ, ಇನ್ನೊಮ್ಮಿ ಸಾಯಬ್ಯಾಡ," ಅಂದೆ.