ಏಳೂವರೆ ಧಾರಾವಾಹಿಯ ವಿಕಿಗೆ ಬರೆಯುವವರ ಗಮನಕ್ಕೆ

ಗೋಡೆಯ ಮೇಲೆ 'ಇಲ್ಲಿ ಚಪ್ಪಲಿ ಬಿಡಬಾರದು' ಅಂತ ಬರೆದಿದ್ದರೆ ಯಾರೋ ಅಲ್ಲಿ ಚಪ್ಪಲಿ ಬಿಟ್ಟಿದ್ದಾರೆ ಅಂತಲೇ ಅರ್ಥ. ಏನೂ ಆಗದೆ ಯಾರೂ ನಿಯಮ ಬರೆಯುವುದಿಲ್ಲ. ನಾನು ಬರೆದ ಒಂದೊಂದು ನಿಯಮದ ಹಿಂದೆಯೂ ಒಬ್ಬೊಬ್ಬರು ಇದ್ದಾರೆ. ಒಂದನ್ನು ಬರೆದು ಉಸಿರು ಬಿಡುವಷ್ಟರಲ್ಲಿ ಇನ್ನೊಂದಕ್ಕೆ ಕಾರಣ ಫೋನ್ ಮಾಡುತ್ತಿತ್ತು.

ಎರಡು ಸಾವಿರದ ಏಳು-ಎಂಟರ ಮಾತು. ನಾನು ಜಯನಗರದ ಒಂದು ಡಿಟಿಪಿ ಅಂಗಡಿಯಲ್ಲಿ ಮದುವೆ ಕರೆಯೋಲೆ, ಪ್ರಾಜೆಕ್ಟ್ ರಿಪೋರ್ಟು ಟೈಪ್ ಮಾಡುತ್ತಿದ್ದೆ. ಆಗ ಟೀವಿಯಲ್ಲಿ ಸಂಜೆ ಏಳೂವರೆಗೆ ಒಂದು ಧಾರಾವಾಹಿ ಬರುತ್ತಿತ್ತು. ವರ್ಷಗಟ್ಟಲೆ ನಡೆದ ಕಥೆ. ಯಾರು ಯಾರಿಗೆ ಏನಾಗಬೇಕು ಅನ್ನುವುದೇ ನೋಡುವವರಿಗೆ ಮರೆತುಹೋಗಿತ್ತು. ಅಂಗಡಿಗೆ ಪ್ರಿಂಟ್ ತೆಗೆಸಲು ಬರುತ್ತಿದ್ದ ಬಿಜಾಪುರದವನೊಬ್ಬ, ಬಿಟಿಎಂನಲ್ಲಿ ರೂಮು ಮಾಡಿಕೊಂಡು ಯಾವುದೋ ಆಫೀಸಿಗೆ ಹೋಗುತ್ತಿದ್ದವನು, "ಮೇಡಂ, ಇದಕ್ಕೊಂದು ವಿಕಿ ಮಾಡೋಣ್ರಿ. ನೋಡಿದವ್ರೆಲ್ಲಾ ತಾವ ಬರೀತಾರ, ತಾವ ತಿದ್ದತಾರ" ಅಂದ. ಮಾಡಿದೆವು. ಮೊದಲ ಪುಟದಲ್ಲಿ 'ಬರೆಯುವವರಿಗೆ ಸೂಚನೆಗಳು' ಅಂತ ಹಾಕಿ, ಕೆಳಗೆ ಒಂದೇ ಸಾಲು ಬರೆದೆ: 'ದಯವಿಟ್ಟು ಕನ್ನಡದಲ್ಲಿ ಬರೆಯಿರಿ.' ಅಷ್ಟು ಸಾಕು ಅಂದುಕೊಂಡಿದ್ದೆ. ಅದರ ಕೆಳಗೆ ಅಂಗಡಿಯ ವಿಳಾಸ, ಫೋನ್ ನಂಬರು ಹಾಕಿದ್ದು ಮಾತ್ರ ನನ್ನದೇ ತಪ್ಪು.

ಇಡೀ ಪುಟ ದಪ್ಪ ಅಕ್ಷರದಲ್ಲಿ ಬೇಡ

ತಿಲಕ್ ನಗರದ ಒಬ್ಬ ಆಂಟಿ ನಮ್ಮ ಮೊದಲ ಲೇಖಕಿ. ಒಂದು ಕಂತನ್ನೂ ಬಿಟ್ಟವರಲ್ಲ. ಆದರೆ ಬರೆದದ್ದೆಲ್ಲ ದಪ್ಪ ಅಕ್ಷರ, ಅದೂ ಕೆಂಪು ಬಣ್ಣ, ಒಂದೊಂದು ಅಕ್ಷರವೂ ನಿಂಬೆಹಣ್ಣಿನಷ್ಟು. 'ಅತ್ತಿಗೆ ಕಾಫಿ ತಂದರು' ಅನ್ನುವ ವಾಕ್ಯ ಓದಿದರೂ ಎಲ್ಲೋ ಬೆಂಕಿ ಬಿದ್ದ ಹಾಗೆ ಅನ್ನಿಸುತ್ತಿತ್ತು.

ನಾನು ಸೂಚನೆ ಸೇರಿಸಿದೆ: 'ತಲೆಬರಹ ಮಾತ್ರ ದಪ್ಪಗಿರಲಿ.' ಮಾರನೇ ದಿನ ಆಂಟಿಯ ಫೋನು. "ದಪ್ಪ ಬೇಡ ಅಂತೀಯಲ್ಲಮ್ಮಾ, ಬರ್ದಿದ್ದು ನನಗೆ ಕಾಣಿಸ್ಬೇಕೋ ಬೇಡ್ವೋ? ಎರಡು ಕಣ್ಣಿಗೂ ಪೊರೆ ಬಂದಿದೆ. ಆಪರೇಷನ್ನಿಗೆ ಹೆದರಿಕೆ."

ನನಗೆ ನಾಚಿಕೆಯಾಯಿತು. "ನೀವು ಹೇಗೆ ಬೇಕಾದ್ರೂ ಬರೀರಿ ಆಂಟಿ, ನಾನು ಆಮೇಲೆ ಸಣ್ಣ ಮಾಡ್ತೀನಿ" ಅಂದೆ. ಹಾಗೇ ಎರಡು ತಿಂಗಳು ನಡೆಯಿತು. ಕೊನೆಗೆ ಮಕ್ಕಳು ಹೇಗೋ ಒಪ್ಪಿಸಿ ಆಪರೇಷನ್ ಮಾಡಿಸಿದರು. ಹಸಿರು ಪಟ್ಟಿ ತೆಗೆದ ವಾರಕ್ಕೆ ಆಂಟಿ ವಿಕಿಯ ಹಳೆಯ ಪುಟವೊಂದನ್ನು ತೆರೆದು ನೋಡಿದರಂತೆ. ಅದನ್ನು ಸಣ್ಣ ಮಾಡುವುದು ನನಗೆ ಮರೆತುಹೋಗಿತ್ತು. ತಕ್ಷಣ ಫೋನು.

"ಏನಮ್ಮಾ ಇದು, ಯಾರೋ ಹೀಗೆ ಕಿರುಚ್ಕೊಂಡು ಬರ್ದಿದ್ದಾರೆ! ನೀನಾದ್ರೂ ಸ್ವಲ್ಪ ಬುದ್ಧಿ ಹೇಳ್ಬಾರ್ದಾ ಅವರಿಗೆ?"

ವಿವರಣೆ ಬರಹದ ಕನ್ನಡದಲ್ಲಿರಲಿ

ಈ ನಿಯಮ ಶ್ರೀನಗರದ ಮೇಷ್ಟ್ರದು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತರಾದವರು. ಮೊದಲು ಧಾರಾವಾಹಿ ನೋಡುವುದಿಲ್ಲ ಅನ್ನುತ್ತಿದ್ದರು. "ಮನೆಯವರು ನೋಡ್ತಾರೆ, ನಾನು ಅದೇ ರೂಮಲ್ಲಿ ಕೂತಿರ್ತೀನಿ ಅಷ್ಟೆ." ಹಾಗೆ ಕೂತು ಕೂತೇ ನಮ್ಮ ವಿಕಿಯ ತಿದ್ದುಪಡಿಯನ್ನೆಲ್ಲ ಕೈಗೆ ತೆಗೆದುಕೊಂಡರು.

ಬಿಜಾಪುರದವನು ನಾಯಕನ ಪುಟದಲ್ಲಿ 'ಇಂವ ಭಾಳ ಛಲೋ ಮನಶ್ಯಾ' ಅಂತ ಬರೆದಿದ್ದ. ಮೇಷ್ಟ್ರು ಅದನ್ನು ಹೊಡೆದು 'ಈತನು ಸಕಲ ಸದ್ಗುಣಗಳ ಆಗರವಾಗಿರುತ್ತಾನೆ' ಎಂದು ತಿದ್ದಿದರು. ಅವನು ಮತ್ತೆ ಹಳೆಯದನ್ನೇ ಹಾಕಿದ. ಮೇಷ್ಟ್ರು ಮತ್ತೆ ತಿದ್ದಿದರು. ಮೂರನೇ ದಿನ ಇಬ್ಬರೂ ನಮ್ಮ ಅಂಗಡಿಯಲ್ಲೇ ಎದುರುಬದುರಾದರು.

"ಸರ, ನೀವು ಬರದದ್ದು ಸನ್ಮಾನಪತ್ರ ಆದಂಗ ಆಗೇದ್ರಿ" ಅಂದ ಅವನು. "ಶಾಲು, ಹಾರ ಅಷ್ಟ ಕಡಿಮಿ ಬಿದ್ದಾವ ನೋಡ್ರಿ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಸಿಟ್ಟು ಬಂದಾಗ ಅವರು ಮಾಡುತ್ತಿದ್ದದ್ದು ಅಷ್ಟೇ. ನಾನು ನಡುವೆ ಬಂದು, ವಿವರಣೆ ಬರಹದ ಕನ್ನಡದಲ್ಲಿರಲಿ, ಪಾತ್ರಗಳ ಮಾತು ಆಡಿದ ಹಾಗೇ ಇರಲಿ ಅಂತ ಒಪ್ಪಂದ ಮಾಡಿಸಿದೆ. ಅಷ್ಟರಲ್ಲಿ ಮೇಷ್ಟ್ರು ಥಟ್ಟನೆ ಕೇಳಿದರು: "ಊಟ ಎಲ್ಲಪ್ಪಾ ನಿಂದು?"

"ಮೆಸ್‌ನಾಗ್ರಿ. ಭಾನುವಾರ ರಾತ್ರಿ ಇರಂಗಿಲ್ರಿ."

"ಭಾನುವಾರ ನಮ್ಮನೆಗೆ ಬಾ."

ಅವನು ಹೋದ. ಮೇಷ್ಟ್ರ ಹೆಂಡತಿ ಹುಳಿ, ಪಲ್ಯ, ಶ್ಯಾವಿಗೆ ಪಾಯಸ ಬಡಿಸಿದರಂತೆ. ಊರು ಬಿಟ್ಟ ಮೇಲೆ ಬಾಳೆಲೆ ಮುಂದೆ ಕೂತದ್ದು ಅವನಿಗೆ ಅದೇ ಮೊದಲು. ಊಟ ಆದಮೇಲೆ ಮೇಷ್ಟ್ರು "ಹೇಗಿತ್ತಪ್ಪಾ?" ಅಂದಿದ್ದಾರೆ. ಇವನು ಎದ್ದು ನಿಂತು, ಕೈಕಟ್ಟಿ, ಒಂದೇ ಉಸಿರಿಗೆ "ಭೋಜನವು ಅತ್ಯಂತ ಸ್ವಾದಿಷ್ಟವಾಗಿದ್ದಿತು ಗುರುಗಳೇ" ಅಂದನಂತೆ.

ಮೇಷ್ಟ್ರು ತಲೆ ಚಚ್ಚಿಕೊಂಡು, "ಛಲೋ ಇತ್ತು ಅಂತ ಹೇಳಪ್ಪಾ, ಅವಳಿಗೆ ಅಷ್ಟೇ ಅರ್ಥ ಆಗೋದು" ಅಂದರಂತೆ.

ಗಂಟೆ, ನಿಮಿಷ ಬೇಡ, ಕಥೆ ಬರೆಯಿರಿ

ವಸಂತಪುರದ ಅಂಕಲ್ ಒಬ್ಬರು ನಿವೃತ್ತ ಸ್ಟೇಷನ್ ಮಾಸ್ಟರ್. ಅವರು ಬರೆದ ಒಂದು ಕಂತಿನ ಸಾರಾಂಶ ಹೀಗಿತ್ತು: '೭.೩೦ ಕಂತು ಆರಂಭ. ೭.೩೪ ನಾಯಕಿಯ ಅಳು ಆರಂಭ. ೭.೩೮ ಕರೆಂಟ್ ಹೋಯಿತು. ೭.೫೧ ಕರೆಂಟ್ ಬಂತು. ಅಳು ಮುಂದುವರಿದಿದೆ. ೭.೫೮ ಮುಕ್ತಾಯ.'

ನಾನು ಫೋನ್ ಮಾಡಿ ಆದಷ್ಟು ನಯವಾಗಿ, "ಅಂಕಲ್, ಟೈಮ್ ಬೇಡ, ಕಥೆ ಏನಾಯ್ತು ಅಂತ ಬರೆದ್ರೆ ಸಾಕು" ಅಂದೆ.

ಅವರಿಗೆ ನಿಜಕ್ಕೂ ಬೇಜಾರಾಯಿತು. "ಆಗಿದ್ದೆಲ್ಲಾ ಬರ್ದಿದ್ದೀನಮ್ಮಾ. ಅದಕ್ಕಿಂತ ಜಾಸ್ತಿ ಏನಾದ್ರೂ ಆಗಿದ್ರೆ ನೀವೇ ಹೇಳಿ, ಸೇರಿಸ್ತೀನಿ."

ನಾನೂ ಆ ಕಂತು ನೋಡಿದ್ದೆ. ಸೇರಿಸಲು ಏನೂ ಸಿಗಲಿಲ್ಲ.

ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸಬೇಡಿ

ಧಾರಾವಾಹಿಯಲ್ಲೊಬ್ಬ ಅತ್ತೆ ಇದ್ದಳು. ಅವಳ ಪುಟವನ್ನು 'ಕನಕಾಂಬರ' ಅನ್ನುವ ಹೆಸರಿನವರು ಬೆಳಿಗ್ಗೆ 'ಮನೆಯ ಹಿತಕ್ಕಾಗಿ ಜೀವ ತೇಯುವ ಹಿರಿಯ ಜೀವ' ಅಂತ ತಿದ್ದುತ್ತಿದ್ದರು. ಮಧ್ಯಾಹ್ನ 'ಕಾಕಡ' ಅನ್ನುವವರು ಅದನ್ನು ಅಳಿಸಿ 'ಸೊಸೆಯ ಫೋನ್ ಮಾತನ್ನು ಬಾಗಿಲ ಹಿಂದೆ ನಿಂತು ಕೇಳುವವಳು' ಅಂತ ಹಾಕುತ್ತಿದ್ದರು. ಮಾರನೇ ಬೆಳಿಗ್ಗೆ ಮತ್ತೆ ಹಿರಿಯ ಜೀವ. ಹದಿನೈದು ದಿನ ಹೀಗೇ ನಡೆಯಿತು.

ಬಿಜಾಪುರದವನು ಏನೇನೋ ಒತ್ತಿ ನೋಡಿ, "ಮೇಡಂ, ಎರಡೂ ಒಂದ ಕಂಪ್ಯೂಟರಿಂದ ಬರಾಕತ್ತಾವ್ರಿ. ಒಬ್ಬರ ಎರಡ ಹೆಸರ ಇಟ್ಕೊಂಡಾರ" ಅಂದ. ನನಗೆ ಕೋಪ ಬಂತು. ಇದು ಮೋಸ, ಸಮಜಾಯಿಷಿ ಕೊಡಬೇಕು ಅಂತ ಬರೆದು ಯಾರೂ ತಿದ್ದದ ಹಾಗೆ ಪುಟಕ್ಕೆ ಬೀಗ ಹಾಕಿದೆ.

ಮಾರನೇ ದಿನ ಅಂಗಡಿ ಮುಂದೆ ಆಟೋ ನಿಂತಿತು. ಜೆ.ಪಿ. ನಗರದಿಂದ ಇಬ್ಬರು ಹೆಂಗಸರು. ಒಬ್ಬರಿಗೆ ಅರವತ್ತರ ಮೇಲೆ, ಇನ್ನೊಬ್ಬರಿಗೆ ಮೂವತ್ತು. ಹಿರಿಯರು "ನಾನು ಕನಕಾಂಬರ" ಅಂದರು. ಕಿರಿಯರು "ನಾನು ಕಾಕಡ" ಅಂದರು. ಅತ್ತೆ, ಸೊಸೆ.

"ಒಂದೇ ಮನೇಲಿದ್ದೀರಿ, ಮುಖಾಮುಖಿ ಮಾತಾಡ್ಕೋಬಾರ್ದಾ?" ಅಂದೆ.

"ಮನೇಲಿ ಜಗಳ ಆಡೋ ಹಾಗಿಲ್ಲ ಮೇಡಂ" ಅಂದಳು ಸೊಸೆ. "ಮಾವನವರಿಗೆ ಬಿಪಿ. ಜೋರಾಗಿ ಮಾತಾಡ್ಬಾರ್ದು ಅಂತ ಡಾಕ್ಟ್ರು ಹೇಳಿದ್ದಾರೆ. ಅದಕ್ಕೇ ಇಲ್ಲಿ ಆಡ್ತೀವಿ."

"ಟೈಪಿಂಗ್ ನನಗೆ ಇವಳೇ ಕಲಿಸಿದ್ದು" ಅಂದರು ಅತ್ತೆ, ಹೆಮ್ಮೆಯಿಂದ.

ಇಬ್ಬರೂ ನಗುತ್ತ ಹೋದರು. ಆದರೂ ನಿಯಮ ನಿಯಮವೇ, ಬೀಗ ತೆಗೆಯಲಿಲ್ಲ. ನಾಲ್ಕನೇ ದಿನ ಒಬ್ಬ ಗಂಡಸಿನ ಫೋನ್ ಬಂತು. ಆ ಅತ್ತೆಯ ಮಗನಂತೆ. ಆಫೀಸಿನಿಂದ ಪಿಸುದನಿಯಲ್ಲಿ ಮಾತಾಡುತ್ತಿದ್ದರು.

"ಮೇಡಂ, ನಿಮ್ಮ ಕಾಲಿಗೆ ಬೀಳ್ತೀನಿ, ಆ ಪುಟ ಬಿಟ್ಟುಬಿಡಿ. ಜಗಳ ಅಡುಗೆಮನೆಗೆ ಬಂದಿದೆ. ಇಬ್ಬರೂ ಬೇರೆ ಬೇರೆ ಬಂದು ಉಪ್ಪು ಹಾಕ್ತಿದ್ದಾರೆ. ಮೂರು ದಿನದಿಂದ ಸಾರು ಬಾಯಿಗಿಡೋಕಾಗ್ತಿಲ್ಲ."

ಆಧಾರವಿಲ್ಲದೆ ಏನನ್ನೂ ಬರೆಯಬೇಡಿ

ಈ ತಪ್ಪು ಬೇರೆ ಯಾರದೂ ಅಲ್ಲ, ನನ್ನದೇ.

ಪ್ರತಿ ಪಾತ್ರದ ಪುಟದಲ್ಲೂ ಬಲಗಡೆ ಒಂದು ಚೌಕ ಇತ್ತು: ಹೆಸರು, ಸಂಬಂಧ, ಸ್ಥಿತಿ. ನೋಡಲು ಚೆನ್ನಾಗಿರಲಿ ಅಂತ ಸ್ಥಿತಿಗೆ ಒಂದೇ ಪದ ಅಂತ ನಾನೇ ನಿಯಮ ಮಾಡಿದ್ದೆ. ನಾಯಕಿಯ ಸೋದರಮಾವ ಎಂಟು ತಿಂಗಳ ಹಿಂದೆ ಕಾಶಿಗೆ ಹೋಗಿದ್ದವರು ಕಥೆಯಲ್ಲಿ ಮತ್ತೆ ಕಾಣಿಸಿಕೊಂಡಿರಲಿಲ್ಲ. 'ಸದ್ಯ ಊರಲ್ಲಿ ಇಲ್ಲ' ಅಂತ ಬರೆಯೋಣವೆಂದರೆ ಜಾಗ ಸಾಲದು. 'ಇಲ್ಲ' ಅಂತ ಬರೆದು ಮುಗಿಸಿದೆ.

ಧಾರಾವಾಹಿಗೆ ಹೊಸ ಸಂಭಾಷಣೆಕಾರ ಬಂದಿದ್ದ. ಹಳೆಯ ಕಥೆ ಗೊತ್ತಿಲ್ಲದೆ ನಮ್ಮ ವಿಕಿ ನೋಡಿಕೊಂಡು ಬರೆಯುತ್ತಿದ್ದಾನೆ ಅನ್ನುವುದು ನಮಗಾದರೂ ಹೇಗೆ ಗೊತ್ತಾಗಬೇಕು? ನಾಯಕಿಯ ಮದುವೆ ನಿಶ್ಚಯವಾಗುವ ಕಂತು. ಗೋಡೆಯ ಮೇಲೆ ಮಾವನ ಫೋಟೋ, ಅದಕ್ಕೆ ಗಂಧದ ಹಾರ. ನಾಯಕಿ ಕೈಮುಗಿದು, "ಮಾವ ಇದ್ದಿದ್ರೆ ಎಷ್ಟು ಸಂತೋಷ ಪಡ್ತಿದ್ರೋ" ಅಂತ ಅತ್ತಳು.

ಮಾರನೇ ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗಲೇ ಮಾವ ನಿಂತಿದ್ದರು. ಅಂದರೆ ಆ ಪಾತ್ರ ಮಾಡುವ ನಟರು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ಬನಶಂಕರಿಯವರು.

"ನನ್ನ ಸಾಯಿಸಿದ್ದು ನೀವೇನಾ ಅಮ್ಮಾ?" ಅಂದರು.

ಬೈದಿದ್ದರೆ ಚೆನ್ನಾಗಿತ್ತು. ಅವರು ಸ್ಟೂಲಿನ ಮೇಲೆ ಕೂತು ಮೆಲ್ಲಗೆ ಹೇಳಿದರು. ಊಟಕ್ಕೆ ಕೂತಿದ್ದರಂತೆ. ಫೋಟೋ ಕಂಡದ್ದೇ ಹೆಂಡತಿ ಕೈಯಲ್ಲಿದ್ದ ಸೌಟು ಬಿಟ್ಟರಂತೆ. ಆಮೇಲೆ ಒಂದೇ ಸಮನೆ ನೆಂಟರ ಫೋನು. ರಾತ್ರಿಯೇ ಸಂಭಾಷಣೆಕಾರನಿಗೆ ಫೋನ್ ಮಾಡಿ ಕೇಳಿದರೆ ಅವನು ನಮ್ಮ ವಿಕಿ ನೋಡಿ ಬರೆದೆ ಅಂದನಂತೆ. "ಮದುವೆ ಸೀನಿಗೆ ಕರೀತಾರೆ ಅಂತ ಎಂಟು ತಿಂಗಳಿಂದ ಈ ಮೀಸೆ ತೆಗೆದಿಲ್ಲಮ್ಮಾ. ಹೆಣ್ಣನ್ನ ಮಂಟಪಕ್ಕೆ ಕರ್ಕೊಂಡು ಬರೋದು ಸೋದರಮಾವ ತಾನೆ?"

ಅವರೆದುರೇ 'ಇಲ್ಲ' ಅಳಿಸಿ 'ಇದ್ದಾರೆ' ಅಂತ ಹಾಕಿದೆ. ಐದು ನಿಮಿಷದಲ್ಲಿ ಅದು ಮತ್ತೆ 'ಇಲ್ಲ' ಆಯಿತು. ಶ್ರೀನಗರದ ಮೇಷ್ಟ್ರು! ಫೋನ್ ಮಾಡಿದೆ.

"ನಿನ್ನೆ ಫೋಟೋಗೆ ಹಾರ ಬಿದ್ದಿದೆಯಮ್ಮಾ. ಇದ್ದಾರೆ ಅನ್ನೋದಕ್ಕೆ ಆಧಾರ ಏನು?"

"ಅವರು ನನ್ನೆದುರೇ ಕೂತಿದ್ದಾರೆ ಸಾರ್!"

ಮಾವನವರು ಫೋನ್ ಇಸಿದುಕೊಂಡರು. "ಮೇಷ್ಟ್ರೇ, ಬೇಕಾದ್ರೆ ಲೈಫ್ ಸರ್ಟಿಫಿಕೇಟ್ ಕೊಡ್ತೀನಿ. ಬ್ಯಾಂಕ್ ಮ್ಯಾನೇಜರ್ ಸಹಿ ಇದೆ."

ಆ ಕಡೆಯಿಂದ ಮೇಷ್ಟ್ರ ದನಿ ನನಗೂ ಕೇಳಿಸಿತು: "ಅದು ನಿಮ್ಮ ಪಿಂಚಣಿಗೆ ಸಾಕು ಸ್ವಾಮಿ. ನಮ್ಮ ಪುಟಕ್ಕೆ ಸಾಲದು. ಕಥೆಯೊಳಗೆ ಬದುಕಿ ಬನ್ನಿ, ನಾನೇ ತಿದ್ದುತ್ತೇನೆ."

ನಾನು ಮಾವನವರಿಂದ ನಂಬರು ತೆಗೆದುಕೊಂಡು ಆ ಸಂಭಾಷಣೆಕಾರನಿಗೆ ಫೋನ್ ಮಾಡಿ, ತಪ್ಪು ನನ್ನದು ಅಂತ ಒಪ್ಪಿಕೊಂಡು, ಮಾವ ಕಾಶಿಗೆ ಹೋದ ಕಂತಿನ ವಿವರ ಕೊಟ್ಟೆ. ಅವನಿಗೂ ಗಾಬರಿ. "ಹಾರ ಹಾಕಿಬಿಟ್ಟಿದ್ದೀವಲ್ಲ ಮೇಡಂ, ಈಗೇನ್ ಮಾಡೋದು?"

ಮಾವನವರೇ ಫೋನಿನ ಹತ್ತಿರ ಬಾಗಿ ದಾರಿ ತೋರಿಸಿದರು. "ಹಾರ ಹಾಕಿದ್ದು ಫೋಟೋಗೆ ತಾನೆ? ನೀನು ಬಾಗಿಲು ತೆಗೆಸಪ್ಪಾ, ಮಿಕ್ಕಿದ್ದು ನಾನು ನೋಡ್ಕೋತೀನಿ."

ಮದುವೆಯ ಕಂತು ಬಂತು. ಹೆಣ್ಣನ್ನು ಕರೆತರಲು ಸೋದರಮಾವ ಇಲ್ಲವಲ್ಲ ಅಂತ ಎಲ್ಲರೂ ಮುಖ ಮುಖ ನೋಡುತ್ತಿದ್ದಾರೆ. ಬಾಗಿಲು ತೆರೆಯಿತು. ಅದೇ ಮೀಸೆ, ಬಗಲಲ್ಲಿ ಚೀಲ, ಕೈಯಲ್ಲಿ ಗಂಗಾಜಲದ ತಂಬಿಗೆ. ಒಳಗೆ ಬಂದವರು ಗೋಡೆ ನೋಡಿದರು, ಹಾರ ನೋಡಿದರು. "ಮದುವೆ ಮನೇಲಿ ಅಲಂಕಾರ ಜಾಸ್ತಿ ಆಯ್ತು ಕಣ್ರೋ" ಅಂತ ಆ ಹಾರ ತೆಗೆದು ಬಾಗಿಲಿಗೆ ಕಟ್ಟಿ, ನಾಯಕಿಯ ಕೈ ಹಿಡಿದು ಮಂಟಪಕ್ಕೆ ನಡೆದರು. ನಾನು ಅಳು, ನಗು ಎರಡನ್ನೂ ಒಟ್ಟಿಗೆ ಮಾಡಿದೆ.

ಕಂತು ಮುಗಿದು ಜಾಹೀರಾತು ಶುರುವಾಗುವ ಮೊದಲೇ ಮೇಷ್ಟ್ರ ಫೋನು. "ಆಧಾರ ಸಿಕ್ತಮ್ಮಾ. ತಿದ್ದಿಬಿಟ್ಟೆ. ಇದ್ದಾರೆ." ಮಾತಿನ ನಡುವೆ ಎರಡು ಸಲ ಮೂಗು ಒರೆಸಿಕೊಂಡರು.

"ಸಾರ್, ಅಳ್ತಿದ್ದೀರಾ?"

"ಛೆ, ನಾನ್ಯಾಕೆ ಅಳ್ಲಿ? ಅಳ್ತಿರೋದು ನಮ್ಮನೆಯವರು."

ಹಿಂದಿನಿಂದ ಅವರ ಮನೆಯವರ ದನಿ ಸ್ಪಷ್ಟವಾಗಿ ಕೇಳಿಸಿತು: "ಟವಲು ಅವರ ಕೈಯಲ್ಲಿದೆ! ನಾನು ಅಳ್ತಿದ್ದೀನಿ ಅನ್ನೋದಕ್ಕೆ ಆಧಾರ ಕೇಳಮ್ಮಾ ಅವರನ್ನ!"