ಎಡಗೆನ್ನೆಯ ಹತ್ತು ಅಂಕ

ಇಂದ: ಬಕ್ಕೇಶಪ್ಪ, ಒಕ್ಕಲುತನ, ಆನಗೋಡು.

ಗೆ: ಮುಖ್ಯೋಪಾಧ್ಯಾಯರು, ಪ್ರೌಢಶಾಲೆ, ಸರಸ್ವತಿ ನಗರ, ದಾವಣಗೆರೆ.

ದಿನಾಂಕ: 24-8-1998

ವಿಷಯ: ನನ್ನ ಎಡಗೆನ್ನೆಯ ಮೇಲೆ ನಡೆದ ಅಭಿಸರಣೆ ಪ್ರಯೋಗಕ್ಕೆ ಒಂಬತ್ತನೇ ತರಗತಿಯ ಮಗಳು ವಾಣಿಶ್ರೀಗೆ ಬರಬೇಕಾದ ಹತ್ತು ಅಂಕ ಕೊಡಿಸುವ ಬಗ್ಗೆ.

ಉಲ್ಲೇಖ: 1) ವಿಜ್ಞಾನದ ನಾಗಭೂಷಣ್ ಮೇಷ್ಟ್ರ ಬಾಯಿಮಾತಿನ ಆದೇಶ. 2) ಕೆಂಪು ಶಾಯಿಯ ಸೊನ್ನೆ.

ಮಾನ್ಯರೇ,

1. ಮೇಷ್ಟ್ರು ಸಿಪ್ಪೆ ಸುಲಿದ ಆಲೂಗಡ್ಡೆಗೆ ಉಪ್ಪು ಸವರಿ, ಅದು ನೀರು ಬಿಡುವುದನ್ನು ತೋರಿಸಿ, ಇದೇ ಅಭಿಸರಣೆ, ಚರ್ಮದ ಆರೈಕೆಯಲ್ಲಿ ಇದರ ಪಾತ್ರವೇನೆಂದು ಮನೆಯವರ ಮುಖದ ಮೇಲೆ ಪ್ರಯೋಗ ಮಾಡಿ ಬರೆಯಿರಿ ಎಂದರು. "ನಾನು ನೋಡೋತನಕ ಯಾರೂ ತೊಳೀಬಾರದು" ಎಂದೂ ಹೇಳಿ, ಮರುದಿನ ತರಬೇತಿಗೆಂದು ಹರಿಹರಕ್ಕೆ ಹೋದರು.

2. ನನ್ನ ಪತ್ನಿ ಅನ್ನಪೂರ್ಣಮ್ಮ, "ಉಪ್ಪು ಹಚ್ಚಾಕೆ ನಾನೇನು ಮಾವಿನಕಾಯೇನೇ? ನಿಮ್ಮಪ್ಪನ ಮುಖ ಖಾಲಿ ಬಿದ್ದೈತಲ್ಲ, ಹಚ್ಚು" ಎಂದಳು. ಆದಕಾರಣ, ಕಡಲೆಹಿಟ್ಟಿನಲ್ಲಿ ಕಲಸಿದ ಉಪ್ಪನ್ನು ನನ್ನ ಎಡಗೆನ್ನೆಗೆ ಹಚ್ಚಲಾಯಿತು. ಹೋಲಿಕೆಗಾಗಿ ಬಲಗೆನ್ನೆಯನ್ನು ಹಾಗೇ ಬಿಡಲಾಯಿತು.

3. ಒಂಬತ್ತು ದಿನ ನಾನು ಎಡಗಡೆ ತೊಳೆದಿಲ್ಲ, ಆ ಮಗ್ಗುಲಿಗೆ ಮಲಗಿಲ್ಲ. ಹಿಂಡಿ ಅಂಗಡಿಯ ನಬೀ ಸಾಬ್, "ಏನ್ ಬಕ್ಕೇಶಣ್ಣಾ, ಒಂದೇ ಕೆನ್ನೆಗೆ ಮದುವೆನಾ?" ಎಂದು ನಾಲ್ಕು ಜನರ ಮುಂದೆ ಕೇಳಿದ್ದನ್ನೂ ಸಹಿಸಿದ್ದೇನೆ.

4. ಹತ್ತನೇ ದಿನ ಬೆಳಿಗ್ಗೆ ಮೇವು ಹಾಕಲು ಬಗ್ಗಿದಾಗ ನಮ್ಮ ಎಮ್ಮೆ ಪ್ರಯೋಗವನ್ನು ಒಂದೇ ಸಲಕ್ಕೆ ನೆಕ್ಕಿಬಿಟ್ಟಿತು. ಉಪ್ಪಿನ ಆಸೆ, ಅದರದೂ ತಪ್ಪಿಲ್ಲ.

5. ಮಗಳು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ನನ್ನ ಎರಡೂ ಕೆನ್ನೆ ಒತ್ತಿ ನೋಡಿ, "ಎರಡೂ ಒಂದೇ ಥರ ಅದಾವಲ್ರೀ ಅಪ್ಪಾಜಿ! ಆಲೂಗಡ್ಡೆ ಸಿಪ್ಪೆ ತೆಗ್ದಿದ್ರು, ನಿಮ್ಮದು ತೆಗ್ದಿಲ್ಲ" ಎಂದಳು. ಸಿಪ್ಪೆಯಿರುವ ಆಲೂಗಡ್ಡೆಗೆ ಉಪ್ಪು ಹಚ್ಚಿ ನೋಡಿದಳು. ಅದೂ ನೀರು ಬಿಡಲಿಲ್ಲ. ಆದ್ದರಿಂದ, "ಒಳಗಿನ ನೀರು ಕಾಯುವುದೇ ಚರ್ಮ, ಅದನ್ನು ಕೆರೆಯದಿರುವುದೇ ಆರೈಕೆ" ಎಂದು ಬರೆದಳು.

6. ಉಳಿದ ಹುಡುಗಿಯರು ಗಂಟೆಯೊಳಗೆ ಮುಖ ತೊಳೆಸಿ, ಪುಸ್ತಕ ನೋಡಿ, "ನೀರು ಬಿಟ್ಟಿತು" ಎಂದು ಬರೆದು ಹತ್ತಕ್ಕೆ ಹತ್ತು ಪಡೆದಿದ್ದಾರೆ. ಹರಿಹರದಿಂದ ಬಂದ ಮೇಷ್ಟ್ರು ನನ್ನ ಮಗಳಿಗೆ, "ಎಲ್ಲರ ಮನೇಲೂ ನೀರು ಬಿಟ್ಟೈತೆ, ನಿಮ್ಮಪ್ಪ ಒಬ್ಬ ಯಾಕ ಬಿಡಲಿಲ್ಲ?" ಎಂದು ಸೊನ್ನೆ ಹಾಕಿದ್ದಾರೆ. ಅಂದಿನಿಂದ ಅವಳು ಪುಸ್ತಕ ಮುಟ್ಟಿಲ್ಲ. "ಎಮ್ಮೆ ಕಾಯ್ತೀನಿ ಬಿಡ್ರಿ, ಅದಕ್ಕಾದ್ರೂ ನನ್ನ ಪ್ರಯೋಗ ರುಚಿಸ್ತು" ಎನ್ನುತ್ತಾಳೆ.

ಆದ್ದರಿಂದ ತಾವು ಖುದ್ದಾಗಿ ಎರಡೂ ಕೆನ್ನೆಗಳನ್ನು ಒತ್ತಿ ನೋಡಿ, ಕಂಡದ್ದನ್ನು ಕಂಡಹಾಗೆ ಬರೆದವಳಿಗೆ ಅಂಕ ಕೊಡಿಸಬೇಕಾಗಿ ವಿನಂತಿ.

ಎರಡೂ ಕೆನ್ನೆ ಸಮೇತ ತಮ್ಮ ವಿಶ್ವಾಸಿ,
ಬಕ್ಕೇಶಪ್ಪ

ಲಗತ್ತುಗಳು:
ನೋಟ್‌ಪುಸ್ತಕ – 1
ಆಲೂಗಡ್ಡೆ – 2 (ಸುಲಿದದ್ದು, ಸುಲಿಯದ್ದು)
ಮುಖ – 1 (ಮೂಲ ಪ್ರತಿ, ನೋಡಿದ ಮೇಲೆ ಹಿಂದಿರುಗಿಸುವುದು)

ವಿಶೇಷ ಸೂಚನೆ: ನೀರು ಬಿಟ್ಟರೆ ಮಾತ್ರ ಅಂಕ ಎನ್ನುವುದಾದರೆ, ಪ್ರಯೋಗವನ್ನು ಸಿಪ್ಪೆ ತೆಗೆದು ಮತ್ತೊಮ್ಮೆ ಮಾಡಬೇಕಾಗುತ್ತದೆ ಎಂದು ಮಗಳು ತಿಳಿಸಿದ್ದಾಳೆ. ಬೇಗ ತೀರ್ಮಾನಿಸಬೇಕಾಗಿ ಕೋರಿಕೆ.